ದೊಡ್ಡೋಳಾದ್ಮೇಲೆ ಎಡಿಎಚ್‌ಡಿ ಅಂತ ಗೊತ್ತಾಗಿದ್ದು, ಮಾತ್ರೆ ಶುರು ಮಾಡಿದ್ದು: ನನ್ನ ಅನುಭವ

ಎಡಿಎಚ್‌ಡಿ ಅಂದ್ರೆ ಗಮನ ಒಂದು ಕಡೆ ನಿಲ್ಲದ, ಕೆಲವರಿಗೆ ಚಡಪಡಿಕೆನೂ ಇರೋ ತೊಂದ್ರೆ. ನಾನು ದಾವಣಗೆರೆಲಿ ಅಕೌಂಟ್ಸು, ಜಿಎಸ್‌ಟಿ ಫೈಲಿಂಗ್ ಕೆಲಸ ಮಾಡೋಳು. ನಮ್ಮ ಲೈನಲ್ಲಿ ತಿಂಗಳು ಅಂದ್ರೆ ಎರಡು ತಾರೀಖು, 11ಕ್ಕೆ ಜಿಎಸ್‌ಟಿಆರ್-1 ಅಂದ್ರೆ ಮಾರಾಟದ ವಿವರ, 20ಕ್ಕೆ 3ಬಿ ಅಂದ್ರೆ ತೆರಿಗೆ ಕಟ್ಟೋ ರಿಟರ್ನ್. 19ರ ರಾತ್ರಿ ನನ್ನಷ್ಟು ಫಾಸ್ಟಾಗಿ ಕೆಲಸ ಮಾಡೋರು ಆಫೀಸಲ್ಲಿ ಯಾರೂ ಇರ್ಲಿಲ್ಲ, ಆದ್ರೆ ಅದೇ ಫೈಲನ್ನ ಅದಕ್ಕಿಂತ ಮುಂಚೆ ಎಷ್ಟು ಹೊತ್ತು ಎದುರಿಗೆ ಇಟ್ಕೊಂಡು ಕೂತ್ರೂ ಒಂದು ಲೈನ್ ಮುಂದಕ್ಕೆ ಹೋಗ್ತಿರ್ಲಿಲ್ಲ. ನೋಡೋರು ಸೋಮಾರಿತನ ಅಂತಿದ್ರು. ಸೋಮಾರಿಗಳು ಆರಾಮಾಗಿ ನಿದ್ದೆ ಮಾಡ್ತಾರೆ ಕಣ್ರೀ, ನನಗೆ ಊಟ ಸೇರ್ತಿರ್ಲಿಲ್ಲ, ರಾತ್ರಿ ಎದ್ದು ಕೂರ್ತಿದ್ದೆ, ಬೆಳಿಗ್ಗೆ ಮತ್ತೆ ಅದೇ ಫೈಲು.

ಮೊದಲು ಆಂಗ್ಸೈಟಿ ಅಂತ ಟ್ರೀಟ್‌ಮೆಂಟ್ ಆಗಿತ್ತು. ಅದ್ರಿಂದ ಎದೆ ಡವಡವ ಕಮ್ಮಿ ಆಯ್ತು, ನಿದ್ದೆನೂ ಬಂತು, ಫೈಲ್ ಮಾತ್ರ ಅಲ್ಲೇ ಇತ್ತು. ಆಮೇಲೆ ನೋಡಿದ ಡಾಕ್ಟ್ರಮ್ಮ ಒಂದೇ ಪ್ರಶ್ನೆ ಕೇಳಿದ್ರು, "ಭಯ ಆಗಿ ಕೆಲಸ ನಿಲ್ಲುತ್ತಾ, ಕೆಲಸ ನಿಂತಿದ್ದಕ್ಕೆ ಭಯ ಆಗುತ್ತಾ?" ಅಂತ. ಅಲ್ಲಿ ತನಕ ಯಾರೂ ಹಿಂಗೆ ಕೇಳಿರ್ಲಿಲ್ಲ. ಎರಡನೇದು ಅಂದೆ, ಅಲ್ಲಿಂದ ದಾರಿನೇ ಬೇರೆ ಆಯ್ತು.

18 ಪ್ರಶ್ನೆ ಇರೋ ಎಎಸ್‌ಆರ್‌ಎಸ್ ಅನ್ನೋ ಫಾರ್ಮ್ ಕೊಟ್ಟು ತುಂಬಿಸಿದ್ರು. ಇದು ಮೊಬೈಲಲ್ಲೂ ಸಿಗುತ್ತೆ, ಆದ್ರೆ ಅದು ಬರೀ ಜರಡಿ ಹಿಡಿಯೋಕೆ, ಅದನ್ನ ತುಂಬಿ ನನಗೆ ಎಡಿಎಚ್‌ಡಿ ಇದೆ ಅಂತ ನಾವೇ ಹೇಳ್ಕೊಳ್ಳೋ ಹಾಗಿಲ್ಲ. ನಿಜವಾದ ಪರೀಕ್ಷೆ ಅಂದ್ರೆ ಕೂರಿಸಿಕೊಂಡು ಗಂಟೆಗಟ್ಲೆ ಮಾತಾಡ್ಸೋದು. 12 ವರ್ಷಕ್ಕೆ ಮುಂಚೆನೇ ಲಕ್ಷಣ ಇರ್ಬೇಕು, ದೊಡ್ಡೋರಿಗೆ ಗಮನದ ಒಂಬತ್ತು ಲಕ್ಷಣದಲ್ಲಿ ಅಥವಾ ಚಡಪಡಿಕೆಯ ಒಂಬತ್ತರಲ್ಲಿ ಕನಿಷ್ಠ ಐದು ಇರ್ಬೇಕು, ಅದು ಮನೆ ಆಫೀಸು ಎರಡೂ ಕಡೆ ಕಾಣ್ಬೇಕು, ಇದು ಮನೋವೈದ್ಯರು ಕಾಯಿಲೆ ಗುರುತಿಸೋಕೆ ಬಳಸೋ ಪುಸ್ತಕ, 2013ರ ಡಿಎಸ್‌ಎಮ್-5 ಲೆಕ್ಕ. ಥೈರಾಯ್ಡು, ಹಿಮೋಗ್ಲೋಬಿನ್ನು, ಬಿ12 ಎಲ್ಲಾ ಮಾಡಿಸಿದ್ರು, ಗೊರಕೆ ಹೊಡೀತೀರಾ ಅಂತಾನೂ ಕೇಳಿದ್ರು, ಯಾಕಂದ್ರೆ ಇವುಗಳಲ್ಲಿ ಯಾವುದು ಕೆಟ್ಟಿದ್ರೂ ಗಮನ ಹಾಳಾಗುತ್ತೆ.

ಚಿಕ್ಕಂದಿನ ವಿಷಯ ಹೇಳೋಕೆ ಅಮ್ಮನ್ನ ಕರ್ಕೊಂಡು ಹೋಗಿದ್ದೆ. "ಅಂಗಡಿಗೆ ಕಳಿಸಿದ್ರೆ ಹೇಳಿದ್ದು ಬಿಟ್ಟು ಬೇರೆ ಏನೋ ತರೋಳು ಮೇಡಂ, ಛತ್ರಿ, ಜಾಮಿಟ್ರಿ ಬಾಕ್ಸು ಎಷ್ಟು ಕಳ್ಕೊಂಡ್ಳೋ ಲೆಕ್ಕ ಇಲ್ಲ, ಆದ್ರೆ ಗಲಾಟೆ ಹುಡುಗಿ ಅಲ್ಲ, ಭಾಳ ಸೈಲೆಂಟು" ಅಂದ್ರು. ಇಷ್ಟು ದಿನ ಯಾರಿಗೂ ಗೊತ್ತಾಗದೇ ಇರೋಕೆ ಆ ಸೈಲೆಂಟ್ ಇದ್ದಿದ್ದೇ ಕಾರಣ ಅಂದ್ರು ಡಾಕ್ಟ್ರು. ಬೆಂಚ್ ಹತ್ತೋ ಹುಡುಗನ್ನ ಮೇಷ್ಟ್ರು ಗುರುತಿಸ್ತಾರೆ, ಕಿಟಕಿ ಕಡೆ ನೋಡ್ಕೊಂಡು ಕೂತ ಹುಡುಗಿನ ಯಾರೂ ಗುರುತಿಸಲ್ಲ.

ಆಟೋದಲ್ಲಿ ವಾಪಸ್ ಬರ್ತಾ ಅಮ್ಮ ಕೇಳಿದ್ರು, "ನಿಮ್ಮಪ್ಪಾರೂ ಹಿಂಗೇ ಅಲ್ಲೇನೇ, ಅವರಿಗೆ ಬೇಡದ ಮಾತ್ರೆ ನಿನಗ್ಯಾಕೆ?" ನಿಜ, ಅಪ್ಪಂದೂ ಇದೇ ಸ್ವಭಾವ, ಇದು ರಕ್ತದಲ್ಲಿ ಬರೋದು ಜಾಸ್ತಿ ಅಂತ ಡಾಕ್ಟ್ರೂ ಹೇಳಿದ್ರು. ಆದ್ರೆ ಅಪ್ಪನ ಎಲ್‌ಐಸಿ ಕಂತು, ನಮ್ಮ ಸ್ಕೂಲ್ ಫೀಸು, ಕರೆಂಟ್ ಬಿಲ್ಲು, ಅವರ ಕನ್ನಡಕ ಎಲ್ಲಿಟ್ಟಿದ್ದಾರೆ ಅನ್ನೋದು, ಇಷ್ಟೂ ನೆನಪಿಟ್ಕೊಳ್ಳೋಕೆ ಅಮ್ಮ ಇದ್ರು. "ನನಗೆ ನಿನ್ನಂಥೋರು ಯಾರಿದ್ದಾರಮ್ಮ, ನನ್ನದೂ ನಾನೇ, ಮಕ್ಕಳದೂ ನಾನೇ, ಇವರದೂ ನಾನೇ ನೆನಪಿಡ್ಬೇಕು" ಅಂದೆ. ಅಮ್ಮ ಆಮೇಲೆ ಮಾತ್ರೆ ಬೇಡ ಅನ್ನಲಿಲ್ಲ. ಎಷ್ಟೋ ಹೆಂಗಸ್ರಿಗೆ ಮದುವೆ ಆಗಿ, ಮಕ್ಕಳಾಗಿ, ಕೆಲಸನೂ ಸೇರಿದ್ಮೇಲೆನೇ ಇದು ಬಯಲಾಗೋದಕ್ಕೆ ಇದೇ ಕಾರಣ ಅಂತ ನನಗೆ ಗಟ್ಟಿಯಾಗಿ ಅನ್ಸುತ್ತೆ.

ಮಾತ್ರೆ ಹೆಸರು ಮೀಥೈಲ್‌ಫೆನಿಡೇಟ್. ಮೆದುಳಲ್ಲಿ ಸಂದೇಶ ಸಾಗಿಸೋ ಡೋಪಮಿನ್, ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕಗಳನ್ನ ಬೇಗ ವಾಪಸ್ ಹೀರ್ಕೊಳ್ಳದ ಹಾಗೆ ತಡೆಯುತ್ತೆ. ಕೊಡೋ ಮುಂಚೆ ಬಿಪಿ, ಪಲ್ಸು, ಇಸಿಜಿ ನೋಡಿದ್ರು, ಮನೇಲಿ ಯಾರಿಗಾದ್ರೂ ಸಣ್ಣ ವಯಸ್ಸಲ್ಲೇ ಹಾರ್ಟ್ ತೊಂದ್ರೆ ಇತ್ತಾ ಅಂತ ಕೇಳಿದ್ರು. ಸಿಗೋದೇ ಒಂದು ಕಷ್ಟ. ಇದು ಶೆಡ್ಯೂಲ್ ಎಕ್ಸ್, ಅಂದ್ರೆ ಮಾರಾಟಕ್ಕೆ ಭಾಳ ಬಿಗಿ ನಿಯಮ ಇರೋ ಔಷಧಿ, ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಪಟ್ಟಿಲೂ ಇದೆ, ಅದಕ್ಕೇ ಬೇರೆ ಲೈಸೆನ್ಸ್ ಇರೋ ಮೆಡಿಕಲ್ ಶಾಪಲ್ಲಿ ಮಾತ್ರ ಮಾರ್ಬೇಕು, ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯೋರು ಎರಡು ವರ್ಷ ಇಟ್ಕೋಬೇಕು. 2020ರ ಟೆಲಿಮೆಡಿಸಿನ್ ನಿಯಮದ ಪ್ರಕಾರ ವಿಡಿಯೋ ಕಾಲಲ್ಲಿ ಇದನ್ನ ಬರ್ಕೊಡೋ ಹಾಗೇ ಇಲ್ಲ, ಡಾಕ್ಟ್ರ ಹತ್ರ ಖುದ್ದು ಹೋಗ್ಬೇಕು. ಮಾಮೂಲಿ ಅಂಗಡಿಲಿ ಚೀಟಿ ತೋರ್ಸಿದ್ರೆ ಮುಖ ನೋಡೋ ರೀತಿನೇ ಬದಲಾಗುತ್ತೆ, ಮನಸ್ಸಿಗೆ ನೋವಾಗುತ್ತೆ. ಈಗ ಡಾಕ್ಟ್ರೇ ಹೇಳಿದ ಫಾರ್ಮಸಿಗೆ ಫೋನ್ ಮಾಡಿ ಸ್ಟಾಕ್ ಇದೆ ಅಂತ ಖಾತ್ರಿ ಮಾಡ್ಕೊಂಡೇ ಹೊರಡೋದು. ಆಟಮೋಕ್ಸೆಟಿನ್ ಅಂತ ಇನ್ನೊಂದಿದೆ, ಅದಕ್ಕೆ ಇಷ್ಟು ಬಿಗಿ ಇಲ್ಲ, ಆದ್ರೆ ಅದರ ಪೂರ್ತಿ ಪರಿಣಾಮ ಗೊತ್ತಾಗೋಕೆ ವಾರಗಟ್ಟಲೆ ಬೇಕು.

5 ಎಂಜಿ, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು, ಹಂಗೆ ಶುರು. ಬಾಯಿ ಒಣಗ್ತು, ಪಲ್ಸ್ ಸ್ವಲ್ಪ ಏರ್ತು. ಜನ ಕೇಳ್ತಾರೆ ತಲೆ ಚುರುಕಾಯ್ತಾ, ಖುಷಿ ಆಗುತ್ತಾ ಅಂತ. ಹಂಗೇನೂ ಇಲ್ಲ. ಪರ್ಚೇಸ್ ರಿಜಿಸ್ಟರ್ ತೆಗೆದು ಜಿಎಸ್‌ಟಿ ಪೋರ್ಟಲಲ್ಲಿ ಬರೋ ಖರೀದಿ ಪಟ್ಟಿ, ಅಂದ್ರೆ 2ಬಿ ಜೊತೆ ಒಂದೊಂದೇ ಬಿಲ್ ತಾಳೆ ನೋಡೋ ಕೆಲಸ ಮೊದಲು ಎಷ್ಟು ಬೋರೋ ಈಗ್ಲೂ ಅಷ್ಟೇ ಬೋರು, ಆದ್ರೆ ಬೋರ್ ಆದ್ರೂ ಕೂತು ಮುಗಿಸಬಹುದು, ಒಂದು ಪಾರ್ಟಿ ಮುಗಿಯೋ ತನಕ ಇನ್ನೊಂದಕ್ಕೆ ಕೈ ಹಾಕಲ್ಲ. ಇದು ಹೊರಗಿನವರಿಗೆ ಸಣ್ಣದು ಅನ್ಸಬಹುದು, ನನಗೆ ಅವತ್ತು ಕಣ್ಣಲ್ಲಿ ನೀರು ಬಂತು.

ನೋಟ್‌ಬುಕ್‌ನಲ್ಲಿ ಮಾತ್ರೆ ತಗೊಂಡ ಟೈಮು, ಏನು ತಿಂದೆ, ಪಲ್ಸು, ನಿದ್ದೆ, ಯಾವ ಕೆಲಸ ಶುರು ಆಯ್ತು ಅಂತ ಬರೀತಾ ಹೋದೆ, ಡಾಕ್ಟ್ರು ಡೋಸ್ ಬದಲಾಯ್ಸಿದ್ದೆಲ್ಲಾ ಅದನ್ನ ನೋಡೇ. ಸಾದಾ ಮಾತ್ರೆ ಮೂರ್ನಾಲ್ಕು ಗಂಟೆ ಕೆಲಸ ಮಾಡುತ್ತೆ, ಇಳಿಯೋ ಹೊತ್ತಿಗೆ ಸಿಡಿಮಿಡಿ, ಸರಿಯಾಗಿ ಮಕ್ಕಳು ಸ್ಕೂಲಿಂದ ಬರೋ ಟೈಮಿಗೆ. 10ಕ್ಕೆ ಏರಿಸಿದ್ರು, ಸಂಜೆ ಇನ್ನೊಂದು ಸೇರಿಸಿದ್ರೆ ನಿದ್ದೆ ಹಾರಿಹೋಗ್ತಿತ್ತು, ಕೊನೆಗೆ ಬೆಳಿಗ್ಗೆ ಒಂದೇ ಎಸ್‌ಆರ್ ಮಾತ್ರೆ, ಅದು ನಿಧಾನಕ್ಕೆ ಬಿಡುಗಡೆ ಆಗೋದ್ರಿಂದ ಇಳಿಯೋದೂ ಮೆತ್ತಗೆ. ಹಸಿವು ಸತ್ತೇಹೋಗುತ್ತೆ, ತೂಕ ಇಳೀತು. ಅದಕ್ಕೆ ಮಾತ್ರೆಗಿಂತ ಮುಂಚೆ ಹೊಟ್ಟೆ ತುಂಬಾ ತಿಂಡಿ, ಮಧ್ಯಾಹ್ನ ಹಸಿವಿರ್ಲಿ ಬಿಡ್ಲಿ ಮೊಸರನ್ನ. ಕಾಫಿ ಒಂದಕ್ಕೆ ಇಳಿಸಿದೀನಿ.

ಇನ್ನೊಂದು ಗಮನಕ್ಕೆ ಬಂದಿದ್ದು, ಮಾತ್ರೆ ಕೆಲಸ ಶುರು ಮಾಡೋ ಹೊತ್ತಲ್ಲಿ ಕೈಲಿ ಏನಿರುತ್ತೋ ಗಮನ ಅದಕ್ಕೇ ಅಂಟ್ಕೊಳ್ಳುತ್ತೆ. ಮೊಬೈಲ್ ಇದ್ರೆ ಮೊಬೈಲಿಗೆ, ಎಕ್ಸೆಲ್ ಶೀಟಿಗೆ ಬಣ್ಣ ಹಾಕ್ತಿದ್ರೆ ಬಣ್ಣಕ್ಕೆ. ಹಾಗಾಗಿ ಮಾತ್ರೆ ನುಂಗೋ ಮುಂಚೆನೇ ಮೊದಲ ಫೈಲ್ ತೆಗೆದು ಟೇಬಲ್ ಮೇಲೆ ಇಟ್ಟಿರ್ತೀನಿ. ಸಂಜೆ ಅದರ ಹೊತ್ತು ಮುಗಿದ್ಮೇಲೆ ಒಲೆ ಮೇಲೆ ಹಾಲಿಟ್ಟು ಮರೆಯೋದು ಮರೆಯೋದೇ. ಎಲ್‌ಐಸಿ, ಕರೆಂಟು, ಮಕ್ಕಳ ಫೀಸು ಈಗ ನಮ್ಮ ಮನೆಯವರೇ ನೋಡ್ಕೊಳ್ತಾರೆ, ಅವರನ್ನ ಕೂರಿಸಿ ಬಿಡಿಸಿ ಹೇಳೋಕೆ ನನಗೆ ಧೈರ್ಯ ಬಂದಿದ್ದು ಡಯಾಗ್ನೋಸಿಸ್ ಆದ್ಮೇಲೆನೇ.

ಮೊನ್ನೆ 3ಬಿ ಗಲಾಟೆಲಿ ಆಫೀಸಿನ ಹುಡುಗಿ ಒಬ್ಳು ಮೆಲ್ಲಗೆ ಬಂದು, "ಅಕ್ಕಾ, ನಿಮ್ದು ಒಂದು ಮಾತ್ರೆ ಕೊಡ್ರೀ, ಇವತ್ತೊಂದಿನಕ್ಕೆ" ಅಂದ್ಳು. ಕೊಡಲ್ಲ ಅಂದೆ. ಅವಳ ಬಿಪಿ ಎಷ್ಟು, ಹಾರ್ಟ್ ಹೆಂಗಿದೆ ನನಗೆ ಗೊತ್ತಿಲ್ಲ, ಹಂಗೆ ಹಂಚೋದು ಕಾನೂನಲ್ಲೂ ತಪ್ಪು. ಆದ್ರೆ ಅವಳ ಮುಖ ನೋಡಿ ಸುಮ್ನಿರೋಕೆ ಆಗಲಿಲ್ಲ, "ನಿಜಕ್ಕೂ ಕಷ್ಟ ಆಗ್ತಿದ್ರೆ ನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ, ಅದಕ್ಕೂ ಮುಂಚೆ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಫ್ರೀ ಇದೆ, ಕನ್ನಡದಲ್ಲೇ ಮಾತಾಡ್ತಾರೆ. ಬರೋವಾಗ ಹಳೇ ಮಾರ್ಕ್ಸ್ ಕಾರ್ಡ್ ಇದ್ರೆ ಹುಡುಕಿ ತಗೊಂಡ್ಬಾ, ಮನೇಲಿ ನಿನ್ನ ಚಿಕ್ಕಂದಿನಿಂದ ನೋಡಿದೋರು ಯಾರಾದ್ರೂ ಇದ್ರೆ ಅವರನ್ನೂ ಕರ್ಕೊಂಡ್ಬಾ" ಅಂದೆ. ಬರೋ ಶನಿವಾರ ಹೋಗ್ತಿದೀವಿ, ಅವಳ ಅಜ್ಜಿ ಬರ್ತಾರಂತೆ.