ಬೆಳಿಗ್ಗೆ ಮೋರ್ಯರ ಮನೆ, ಸಂಜೆ ಕರಡಿ

ಊರಿಗೆ ನೆಂಟರು ಬಂದರೆ ಹಂಪಿಗಷ್ಟೇ ಕರೆದೊಯ್ದು ಕೈತೊಳೆದುಕೊಳ್ಳಬೇಡಿ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿಗೆ ಬಿಸಿಲೇರುವ ಮೊದಲೇ ಹೋಗಿ. ಬೆಟ್ಟದ ಮೇಲೆ ಕಬ್ಬಿಣ ಯುಗದ ಶಿಲಾಸಮಾಧಿಗಳಿವೆ. ಊರವರ ಬಾಯಲ್ಲಿ ಅವು ಮೋರ್ಯರ ಮನೆಗಳು. ಮೂರು ಕಡೆ ಚಪ್ಪಡಿ, ತಲೆಯ ಮೇಲೊಂದು ಚಪ್ಪಡಿ, ಕೆಲವದರ ಮುಂದಿನ ಕಲ್ಲಿನಲ್ಲಿ ದುಂಡನೆಯ ಕಿಂಡಿ. ಬಂಡೆಯ ಮೇಲೊಂದು ನಗಾರಿಯಂಥ ಗುಂಡೂ ಇದೆ. ಹಳ್ಳಿಯಿಂದಲೇ ದಾರಿ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಕೂಲಿ ಮೊದಲೇ ಮಾತಾಡಿ. ನಾವು ಜಾಣತನ ತೋರಿಸಿ ಹಾಗೇ ಹತ್ತಿ, ಮುಳ್ಳುಕಂಟಿಯಲ್ಲಿ ಒಂದು ಗಂಟೆ ಸುತ್ತಿದೆವು. ಮೇಲೆ ನೀರು ಸಿಗುತ್ತದೆಂದು ನಂಬಬೇಡಿ, ಹೊತ್ತೊಯ್ಯಿರಿ.

ಮಧ್ಯಾಹ್ನ ಕಂಪ್ಲಿ ದಾಟಿ ದರೋಜಿ ಕರಡಿಧಾಮ. ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟ ದಿನ ಕಂಪ್ಲಿ ಸೇತುವೆ ಮುಳುಗುತ್ತದೆ, ವಿಚಾರಿಸಿಯೇ ಹೊರಡಿ. ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ನೆಕ್ಕಲು ಬರುತ್ತವೆ. ವೀಕ್ಷಣಾ ಗೋಪುರ ದೂರದಲ್ಲಿರುವುದರಿಂದ ದುರ್ಬೀನು ಇಲ್ಲದಿದ್ದರೆ ಕಪ್ಪು ಚುಕ್ಕೆಗಳಷ್ಟೇ ಕಾಣುವುದು. ಪುಟ್ಟ ಮಕ್ಕಳಿದ್ದರೆ ತಿಂಡಿ ಮೊದಲೇ ತಿನ್ನಿಸಿಬಿಡಿ. ನಮ್ಮ ಪಕ್ಕದವರ ಚಿಪ್ಸ್ ಪೊಟ್ಟಣದ ಸದ್ದು ಕರಡಿಗೆ ಕೇಳಿಸಿತೋ ಇಲ್ಲವೋ, ನಮಗಂತೂ ಕೇಳಿಸಿತು.