ಅಮಿಯೊಡರೋನ್ ಮಾತ್ರೆ: ನಾನು ಪಾಲಿಸುವ ಕ್ರಮ

ನನಗಿರುವುದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳ ತಾಳ ತಪ್ಪಿದ ಬಡಿತ. ಅದಕ್ಕೆ ಬರೆದುಕೊಟ್ಟಿರುವುದು ಅಮಿಯೊಡರೋನ್. ತಲೆನೋವಿನ ಮಾತ್ರೆ ನುಂಗಿದರೆ ಸಂಜೆಯೊಳಗೆ ಅದರ ಕತೆ ಮುಗಿಯುತ್ತದೆ. ಇದು ಹಾಗಲ್ಲ. ಕೊಬ್ಬು, ಲಿವರ್, ಶ್ವಾಸಕೋಶಗಳಲ್ಲಿ ಸೇರಿಕೊಂಡು ಕೂರುತ್ತದೆ. ಮೈಯಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ಸರಾಸರಿ 58 ದಿನ ಬೇಕು. ಕೆಲವರಿಗೆ 15 ದಿನ ಸಾಕು, ಕೆಲವರಿಗೆ 142 ಆಗುವುದೂ ಉಂಟು. ಕೆಳಗೆ ಬರೆದಿರುವ ಎಚ್ಚರಿಕೆಗಳೆಲ್ಲ ಹುಟ್ಟುವುದು ಬಹುಮಟ್ಟಿಗೆ ಇದರಿಂದಲೇ.

ಔಷಧ ಮೈಯಲ್ಲಿ ತುಂಬಿಕೊಳ್ಳಲು ಹೊತ್ತು ಹಿಡಿಯುವುದರಿಂದ ಶುರುವಿನಲ್ಲಿ ಡೋಸ್ ಹೆಚ್ಚು. ವೈದ್ಯರು ಬರೆಯುವ ಒಂದು ಸಾಮಾನ್ಯ ಕ್ರಮ: ಮೊದಲ ವಾರ 200 ಮಿಗ್ರಾಂ ಮಾತ್ರೆ ದಿನಕ್ಕೆ ಮೂರು, ಎರಡನೇ ವಾರ ಎರಡು, ಆಮೇಲೆ ಒಂದು. ಎಡವಟ್ಟಾಗುವುದು ಇಲ್ಲೇ. ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ಮಾತ್ರೆ ತರುವವರು ‘ದಿನಕ್ಕೆ ಮೂರು’ ಎಂಬುದನ್ನೇ ತಿಂಗಳುಗಟ್ಟಲೆ ಎಳೆದುಬಿಡಬಹುದು. ಈ ಲೆಕ್ಕದಲ್ಲಿ ಮೊದಲೆರಡು ವಾರಕ್ಕೆ ಬೇಕಾದದ್ದು 21ಕ್ಕೆ 14 ಸೇರಿ 35 ಮಾತ್ರೆ. ಅಷ್ಟನ್ನೇ ಎಣಿಸಿ ಬೇರೆ ಡಬ್ಬಿಗೆ ಹಾಕಿ, ಡೋಸ್ ಇಳಿಯುವ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನನ್ನ ಪದ್ಧತಿ. ನಿಮ್ಮ ಚೀಟಿಯಲ್ಲಿ ಬೇರೆ ಲೆಕ್ಕ ಇದ್ದರೆ ನಿಮಗೆ ಅದೇ ಸರಿ. ಕೆಲವರಿಗೆ ವಾರಕ್ಕೆ ಐದೇ ದಿನ ಎಂದು ಬರೆದಿರುತ್ತಾರೆ. ಬಿಡುವ ಎರಡು ದಿನ ಯಾವುವು ಎಂದು ಡಬ್ಬಿಯ ಮೇಲೇ ಬರೆದಿಡಬೇಕು.

ಒಂದೇ ಕಂಪನಿಯ 100 ಮತ್ತು 200 ಮಿಗ್ರಾಂ ಸ್ಟ್ರಿಪ್‌ಗಳು ನೋಡಲು ಅಣ್ಣತಮ್ಮಂದಿರ ಹಾಗಿರಬಹುದು. ಕೈಬರಹದ ಚೀಟಿಯಲ್ಲಿ ಬಿಪಿಯ ಅಮ್ಲೋಡಿಪಿನ್ ಜತೆ ಹೆಸರು ಕಲಸಿಹೋಗುವ ಅಪಾಯವೂ ಇದೆ. ಮೆಡಿಕಲ್ ಶಾಪ್ ಕಟ್ಟೆಯ ಮೇಲೇ ಸ್ಟ್ರಿಪ್ ತಿರುಗಿಸಿ ಔಷಧದ ಹೆಸರು, ಮಿಗ್ರಾಂ ಎರಡನ್ನೂ ಓದಿಯೇ ದುಡ್ಡು ಕೊಡುತ್ತೇನೆ.

ಖಾಲಿ ಹೊಟ್ಟೆಯಲ್ಲಿ ನುಂಗಿದ್ದಕ್ಕಿಂತ ಜಿಡ್ಡಿನ ಊಟದ ಜತೆ ನುಂಗಿದರೆ ರಕ್ತಕ್ಕೆ ಸೇರುವುದು ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಒಂದು ದಿನ ಕಾಫಿಗೂ ಮುಂಚೆ, ಇನ್ನೊಂದು ದಿನ ಮಸಾಲೆದೋಸೆ ಆದಮೇಲೆ ಎಂದರೆ ನಡೆಯುವುದಿಲ್ಲ. ನಾನು ದಿನಾ ಬೆಳಗಿನ ತಿಂಡಿ ಆದಮೇಲೆ ನುಂಗುತ್ತೇನೆ. ಒಂದು ಹೊತ್ತು ಮರೆತರೆ ಮರೆತದ್ದನ್ನು ಬಿಟ್ಟು ಮುಂದಿನದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು, ಎರಡು ಸೇರಿಸಿ ನುಂಗುವುದಿಲ್ಲ.

ನಾಡಿಯನ್ನು ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ತಪ್ಪಿದ ಬಡಿತಕ್ಕೆ ಆಗದ ಮಾತು. ಬಿಪಿ ಮಷೀನಿನ ಅಂಕಿಯೂ ಅಷ್ಟು ನಂಬಿಕೆಗೆ ಅರ್ಹವಲ್ಲ. ನನ್ನ ವೈದ್ಯರು ಹಾಕಿಕೊಟ್ಟ ಗೆರೆ 50. ಅದಕ್ಕಿಂತ ಕೆಳಗಿಳಿದರೆ ಫೋನು. ಕಣ್ಣು ಕತ್ತಲೆ ಬಂದರೆ, ಎಚ್ಚರ ತಪ್ಪಿದರೆ ಫೋನಲ್ಲ, ನೇರ ಆಸ್ಪತ್ರೆ.

ಇಷ್ಟೆಲ್ಲ ಸರಿಯಿದ್ದರೂ ಕುತ್ತು ಬರುವುದು ಬೇರೆ ಕಾಯಿಲೆಗೆ ಬೇರೆಯವರು ಕೊಡುವ ಮಾತ್ರೆಯಿಂದ. ಅಮಿಯೊಡರೋನ್ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು, ಅಂದರೆ ಪ್ರತಿ ಬಡಿತದಲ್ಲೂ ಹೃದಯದ ಕೆಳಕೋಣೆಗಳ ವಿದ್ಯುತ್ ಚಟುವಟಿಕೆ ಶುರುವಾಗಿ ಮುಗಿಯುವ ಹೊತ್ತನ್ನು, ಉದ್ದ ಮಾಡುತ್ತದೆ. ಅದನ್ನೇ ಮಾಡುವ ಇನ್ನೊಂದು ಔಷಧ ಸೇರಿದರೆ ಜೀವಕ್ಕೇ ಎರವಾಗುವ ಬಡಿತ ಹುಟ್ಟಬಹುದು. ನಮ್ಮ ಕಡೆ ಮೊದಲು ಸಿಗುವುದು ಗ್ಯಾಸ್ ಮಾತ್ರೆ. ಪ್ಯಾಂಟೊಪ್ರಜೋಲ್ ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಇದ್ದರೆ ಅದರಲ್ಲಿ ಡೊಂಪೆರಿಡೋನ್ ಇದೆ ಎಂದರ್ಥ. ಚೀಟಿ ಇಲ್ಲದೆಯೂ ಕೊಡುತ್ತಾರೆ. ನಾನು ತೆಗೆದುಕೊಳ್ಳುವುದಿಲ್ಲ. ಕೆಮ್ಮು-ಕಫಕ್ಕೆ ಬರೆಯುವ ಅಜಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಲೆವೊಫ್ಲಾಕ್ಸಾಸಿನ್, ವಾಂತಿಗೆ ಕೊಡುವ ಆಂಡನ್ಸೆಟ್ರಾನ್, ಹುಳಕಡ್ಡಿಗೆ ಕೊಡುವ ಫ್ಲುಕೊನಜೋಲ್ ಎಲ್ಲವೂ ಇದೇ ಸಾಲಿನವು. ಕೊಲೆಸ್ಟ್ರಾಲ್‌ಗೆ ಸಿಮ್ವಸ್ಟಾಟಿನ್ ಇದ್ದರೆ ದಿನಕ್ಕೆ 20 ಮಿಗ್ರಾಂ ದಾಟಬಾರದು, ಮಾಂಸಖಂಡ ಕರಗುವ ಭಯವಿದೆ.

ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ. ಒಂದು ಹಾಳೆಯಲ್ಲಿ ‘ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದೇನೆ’ ಎಂದು ದಪ್ಪಕ್ಷರದಲ್ಲಿ ಬರೆದು, ಉಳಿದ ಮಾತ್ರೆಗಳ ಪಟ್ಟಿ ಸೇರಿಸಿ ಪರ್ಸಿನಲ್ಲಿಡಿ. ಹಲ್ಲಿನ ಡಾಕ್ಟರಿಂದ ಹಿಡಿದು ಅರಿವಳಿಕೆ ಕೊಡುವವರವರೆಗೆ ಎಲ್ಲರಿಗೂ ಅವರು ಕೇಳುವ ಮೊದಲೇ ತೋರಿಸಿ.

ರಕ್ತದಲ್ಲಿ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿದರೂ ಬಡಿತ ಕೆಡುವ ಅದೇ ಅಪಾಯ. ಭೇದಿ ಜೋರಾದರೆ, ನೀರು ಹೋಗುವ ಮಾತ್ರೆ ಜತೆಗಿದ್ದರೆ ರಕ್ತಪರೀಕ್ಷೆ ತಡಮಾಡಬಾರದು. ಕೆಮ್ಮಿನ ಕಷಾಯಕ್ಕೆ ಹಾಕುವ ಜೇಷ್ಠಮಧು ಕೂಡ ದಿನಾ ಹೆಚ್ಚು ಕುಡಿದರೆ ಪೊಟ್ಯಾಸಿಯಂ ಇಳಿಸುತ್ತದೆ. ‘ಮನೆಮದ್ದು ತಾನೇ’ ಎನ್ನುವಂತಿಲ್ಲ. ವಿದೇಶದಲ್ಲಿರುವ ನಮ್ಮವರಿಗೆ ದ್ರಾಕ್ಷಿಹಣ್ಣಲ್ಲದ ಆ ‘ಗ್ರೇಪ್‌ಫ್ರೂಟ್’ ವರ್ಜ್ಯ ಎಂದು ಅಲ್ಲಿಯ ವೈದ್ಯರೇ ಹೇಳಿರುತ್ತಾರೆ. ಇಲ್ಲಿ ಅದರ ಹತ್ತಿರದ ಬಂಧು ದೇವನಹಳ್ಳಿ ಚಕ್ಕೋತ. ಈ ಔಷಧವನ್ನು ಕರಗಿಸುವ ಕಿಣ್ವವನ್ನು ತಡೆಯುವ ಅಂಶ ಅದರಲ್ಲೂ ಇದೆ. ಆಸೆಯಿದ್ದರೂ ಬಿಟ್ಟಿದ್ದೇನೆ.

ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮೊದಲೇ ನಡೆಯುತ್ತಿದ್ದರೆ ಅಮಿಯೊಡರೋನ್ ಸೇರಿದ ಮೇಲೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ) ಮೆಲ್ಲಗೆ, ವಾರಗಟ್ಟಲೆ ಏರುತ್ತಾ ಹೋಗುತ್ತದೆ. ವಾರ್ಫರಿನ್ ಡೋಸನ್ನು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ವೈದ್ಯರು ಇಳಿಸಬೇಕಾಗಬಹುದು. ಮೊದಲ ವಾರದ ರಿಪೋರ್ಟ್ ಚೆನ್ನಾಗಿದೆ ಎಂದು ಪರೀಕ್ಷೆ ಬಿಟ್ಟವರಿಗೆ ಎರಡನೇ ತಿಂಗಳಲ್ಲಿ ವಸಡಿನಲ್ಲಿ ರಕ್ತ ಕಾಣಬಹುದು. ಹೃದಯದ ಇನ್ನೊಂದು ಔಷಧ ಡಿಗಾಕ್ಸಿನ್ ಇದ್ದರೆ ಅದನ್ನು ಸಾಮಾನ್ಯವಾಗಿ ಅರ್ಧ ಮಾಡುತ್ತಾರೆ. ಊಟ ಸೇರದಿರುವುದು, ಓಕರಿಕೆ ಅದು ಹೆಚ್ಚಾದದ್ದರ ಮೊದಲ ಸೂಚನೆ.

ಪರೀಕ್ಷೆಗಳಲ್ಲಿ ಥೈರಾಯ್ಡ್ ನೋಡುವ ಟಿಎಸ್‌ಎಚ್ ಮತ್ತು ಲಿವರ್ ಪರೀಕ್ಷೆ ಶುರುವಿಗೆ ಮುಂಚೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಎದೆಯ ಎಕ್ಸ್‌ರೇ, ಇಸಿಜಿ ವರ್ಷಕ್ಕೊಮ್ಮೆ. 200 ಮಿಗ್ರಾಂ ಮಾತ್ರೆಯಲ್ಲಿ ಸುಮಾರು 75 ಮಿಗ್ರಾಂ ಅಯೋಡಿನ್ ಇದೆ; ಮೈಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ ಮಾತ್ರ. ಅಷ್ಟೂ ಬಿಡುಗಡೆಯಾಗುವುದಿಲ್ಲ ನಿಜ, ಆದರೂ ಥೈರಾಯ್ಡ್ ಮೇಲೆ ಹೊರೆ ಬೀಳುತ್ತದೆ. ಇದನ್ನು ಓದಿ ಅಯೋಡಿನ್ ಉಪ್ಪು ಬಿಡುವುದು ಮಾತ್ರ ವ್ಯರ್ಥ. ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ತುಸು ಏರಿ ತಾನೇ ಇಳಿಯುವುದುಂಟು. ಹತೋಟಿಯಲ್ಲಿದ್ದ ಬಡಿತ ಮತ್ತೆ ಕೆಟ್ಟರೆ, ತೂಕ ಇಳಿದರೆ ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದುಕೊಳ್ಳುವ ಮೊದಲು ಥೈರಾಯ್ಡ್ ನೋಡಿಸಿ.

ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಹೊಸದಾಗಿ ಬಂದ ಏದುಸಿರು ವಾರಗಟ್ಟಲೆ ಕಾಯುವ ವಿಷಯವಲ್ಲ. ಶ್ವಾಸಕೋಶಕ್ಕೆ ಆಗುವ ಹಾನಿಯೇ ಈ ಔಷಧದ ಅತಿ ಗಂಭೀರ ತೊಂದರೆ. ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಸಣ್ಣ ಪದರ ಬಹುತೇಕ ಎಲ್ಲರಿಗೂ ಕೂರುತ್ತದೆ, ರಾತ್ರಿ ದೀಪದ ಸುತ್ತ ಬಳೆ ಕಾಣಬಹುದು. ದೃಷ್ಟಿಯೇ ಮಂದವಾದರೆ ಕೂಡಲೇ ತೋರಿಸಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಬಸ್ಸಿನ ಕಿಟಕಿ ಗಾಜು ರಕ್ಷಣೆಯಲ್ಲ, ಸುಡುವ ಯುವಿಎ ಕಿರಣ ಗಾಜಿನೊಳಗೂ ಬರುತ್ತದೆ. ತುಂಬುತೋಳಿನ ಅಂಗಿ, ಕೊಡೆ, ಜಿಂಕ್ ಆಕ್ಸೈಡ್ ಇರುವ ಕ್ರೀಮು ಬೇಕು.

ನಾವಾಗಿಯೇ ನಿಲ್ಲಿಸುವ ಮಾತ್ರೆ ಇದಲ್ಲ. ವೈದ್ಯರೇ ನಿಲ್ಲಿಸಿದರೂ ಪರ್ಸಿನ ಹಾಳೆಯನ್ನು ಹರಿಯಬೇಡಿ: ‘ಇಂಥ ತಾರೀಖಿಗೆ ನಿಲ್ಲಿಸಿದೆ’ ಎಂದು ಸೇರಿಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳಿ. ಔಷಧ ಮೈಯಿಂದ ಇಳಿದಂತೆಲ್ಲ ವಾರ್ಫರಿನ್ ಸಾಲದೆ ಬರುತ್ತದೆ, ಹಾಗಾಗಿ ಐಎನ್‌ಆರ್ ಪರೀಕ್ಷೆ ಆಗಲೂ ಮುಂದುವರಿಯಬೇಕು.