ರಜೆಯ ಪುಸ್ತಕ ಕಣ್ಣು ಕಾಣದವರ ಕೈಗೂ ಸಿಗಲಿ

ಪುಸ್ತಕವೊಂದನ್ನು ಕಣ್ಣು ಕಾಣದವರಿಗಾಗಿ ಸಿದ್ಧಮಾಡಲು ಹೊರಟಿದ್ದರೆ ಮೊದಲು ಓದುವವರನ್ನೇ ಕೇಳಿ. ಬ್ರೈಲ್ ಬರುತ್ತದೆಯೇ, ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅನ್ನು ಫೋನಿನಲ್ಲಿ ಬಳಸುತ್ತಾರೆಯೇ, ಯಾರಾದರೂ ಓದಿದ ಧ್ವನಿ ಸಾಕೇ, ಇಲ್ಲವೇ ಅಕ್ಷರ ದೊಡ್ಡದಾದರೆ ಓದಬಲ್ಲರೇ? ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡ ಅನೇಕರು ಬ್ರೈಲ್ ಕಲಿತಿರುವುದಿಲ್ಲ. ಬ್ರೈಲ್ ಓದುವ ಮಗುವಿಗೆ ಬರೀ ಆಡಿಯೊ ಕೊಟ್ಟರೆ ಕಥೆಯೇನೋ ಸಿಗುತ್ತದೆ, ಕಾಗುಣಿತ ಸಿಗುವುದಿಲ್ಲ. ಇದನ್ನು ಕೇಳದೆ ಕೆಲಸಕ್ಕೆ ಕೂತರೆ ವಾರಗಟ್ಟಲೆ ದುಡಿದದ್ದು ಕಪಾಟು ಸೇರುತ್ತದೆ.

ತೆಳ್ಳಗಿನ ಚಿತ್ರಪುಸ್ತಕಕ್ಕೆ ಬ್ರೈಲ್ ಪಟ್ಟಿ ಅಂಟಿಸುವುದೇ ಒಳ್ಳೆಯದು. ಒಂದೇ ಪುಸ್ತಕವನ್ನು ಕಾಣುವವರೂ ಕಾಣದವರೂ ಜೊತೆಗೆ ಕೂತು ಓದಬಹುದು. ಕಾದಂಬರಿಗೆ ಈ ದಾರಿ ಬೇಡ. ಬ್ರೈಲಿನಲ್ಲಿ ಆರು ಉಬ್ಬುಚುಕ್ಕಿಗಳ ಜಾಗವಿರುವ ಒಂದೊಂದು ಮನೆಗೆ ಕೋಶ ಎನ್ನುತ್ತಾರೆ. ಬ್ರೈಲ್ ಪುಟವೊಂದರಲ್ಲಿ ಸಾಲಿಗೆ ಸುಮಾರು 40 ಕೋಶದಂತೆ 25 ಸಾಲು ಹಿಡಿಯುತ್ತದೆ, ಅಂದರೆ ಸಾವಿರ ಕೋಶ. ಮುದ್ರಿತ ಒಂದು ಪುಟ ಎರಡು ಮೂರು ಪುಟವಾಗಿ ಬೆಳೆಯುತ್ತದೆ.

ಪಟ್ಟಿಗೆ ಬೇಕಾದದ್ದು ಹಿಂಬದಿ ಅಂಟಿರುವ ಪಾರದರ್ಶಕ ಹಾಳೆ, ಕೋಶದ ಕಿಂಡಿಗಳಿರುವ ಚೌಕಟ್ಟು ಅಂದರೆ ಬ್ರೈಲ್ ಸ್ಲೇಟ್, ಚುಕ್ಕಿ ಚುಚ್ಚುವ ಮೊನೆ ಅಂದರೆ ಸ್ಟೈಲಸ್. ಪುಟದಲ್ಲಿ 18 ಸೆಂ.ಮೀ. ಜಾಗವಿದ್ದರೆ ಸಾಲಿಗೆ 30 ಕೋಶ, ಏಕೆಂದರೆ ಕೋಶದಿಂದ ಕೋಶಕ್ಕೆ ಸುಮಾರು 6 ಮಿ.ಮೀ.; ಸಾಲಿನಿಂದ ಸಾಲಿಗೆ 10 ಮಿ.ಮೀ. ಅಕ್ಷರ ಎಣಿಸಿ ಜಾಗ ಅಂದಾಜು ಮಾಡಿದರೆ ಸಾಲದು. ಕನ್ನಡ ಬ್ರೈಲಿನಲ್ಲಿ ‘ಸ್ನೇಹ’ ಎರಡಕ್ಷರವಲ್ಲ, ಐದು ಕೋಶ: ಅರ್ಧಾಕ್ಷರದ ಗುರುತಾಗಿ 4ನೇ ಚುಕ್ಕಿ (ಕೋಶದ ಬಲಗಡೆ ಮೇಲಿನದು) ಮಾತ್ರವಿರುವ ಕೋಶ, ಆಮೇಲೆ ಸ, ನ, ಏ, ಹ. ಒತ್ತಕ್ಷರ ಹೆಚ್ಚಿದ್ದಷ್ಟೂ ಪಟ್ಟಿ ಉದ್ದವಾಗುತ್ತದೆ.

ಸ್ಲೇಟಿನಲ್ಲಿ ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಇಲ್ಲಿ ಎಡವಿದರೆ ಚುಕ್ಕಿಗಳು ಅಂದವಾಗಿಯೇ ಬರುತ್ತವೆ, ಅಕ್ಷರ ಮಾತ್ರ ಬೇರೆ: ‘ಹ’ ಬರೆದದ್ದು ‘ಜ’ ಆಗಿರುತ್ತದೆ, ‘ಏ’ ಹೋಗಿ ‘ಇ’ ಬಂದಿರುತ್ತದೆ. ಕಣ್ಣಳತೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಹಾಗಾಗಿ ಅಂಟಿಸುವ ಮುಂಚೆ ಬ್ರೈಲ್ ಬಲ್ಲವರಿಂದ ಒಮ್ಮೆ ಓದಿಸಿ. ಆರು ಕೀಲಿಯ ಬ್ರೈಲರ್ ಯಂತ್ರ ಸಿಕ್ಕರೆ ಈ ತಾಪತ್ರಯವೇ ಇಲ್ಲ, ಅದು ಎಡದಿಂದ ಬಲಕ್ಕೇ ಬರೆಯುತ್ತದೆ.

ಅಂಟಿಸುವಾಗ ಹಿಂಬದಿಯ ಕಾಗದವನ್ನು ಒಂದೇ ಸಲ ಕೀಳಬೇಡಿ. ಒಂದು ತುದಿ ಬಿಡಿಸಿ ಕೂರಿಸಿ, ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತ ಹೋಗಿ. ಚುಕ್ಕಿಯ ಮೇಲೆ ಒತ್ತಿದರೆ ಅದು ಚಪ್ಪಟೆಯಾಗುತ್ತದೆ, ಅಂಚನ್ನಷ್ಟೇ ಒತ್ತಿ. ಒಳಗೆ ಉಳಿದ ಗಾಳಿಗುಳ್ಳೆಯೂ ಬೆರಳಿಗೆ ಚುಕ್ಕಿಯೇ. ಪಟ್ಟಿ ಎಲ್ಲ ಪುಟದಲ್ಲೂ ಒಂದೇ ಕಡೆ ಇರಲಿ, ಪುಟ ತಿರುವಿದಾಗಲೆಲ್ಲ ಹುಡುಕುವಂತಾಗಬಾರದು.

ಚಿತ್ರಗಳ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ. ಕಥೆಯಲ್ಲಿ ‘ಅಜ್ಜಿ ಬುಟ್ಟಿ ತೆಗೆದುಕೊಂಡಳು’ ಎಂದಷ್ಟೇ ಇದ್ದು, ಚಿತ್ರದಲ್ಲಿ ಬುಟ್ಟಿಯಿಂದ ಬಾಲವೊಂದು ಇಣುಕುತ್ತಿದೆ ಎನ್ನಿ. ‘ಬುಟ್ಟಿಯ ಅಂಚಿನಲ್ಲಿ ಒಂದು ಬಾಲ, ಅಜ್ಜಿ ಅದನ್ನು ನೋಡಿಲ್ಲ’ ಎಂದರೆ ಸಾಕು. ಬೆಕ್ಕು ಮುಂದಿನ ಪುಟದಲ್ಲಿ ಹೊರಬರುವುದಾದರೆ ಬೆಕ್ಕೆಂದು ಈಗಲೇ ಹೇಳಬೇಡಿ, ಕುತೂಹಲ ಎಲ್ಲರಿಗೂ ಒಂದೇ. ಕಥೆ ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳುವುದೂ ಬೇಡ. ಚಿತ್ರದ ಗೆರೆಯುದ್ದಕ್ಕೂ ದಾರ ಅಂಟಿಸುವ ಉತ್ಸಾಹ ಹಲವರಿಗಿರುತ್ತದೆ. ಅದರಿಂದ ಸಿಗುವುದು ಕಡಿಮೆ. ದೂರದ್ದು ಚಿಕ್ಕದಾಗಿ, ಹತ್ತಿರದ್ದು ದೊಡ್ಡದಾಗಿ ಕಾಣುವ ಲೆಕ್ಕ ಬೆರಳಿಗಿಲ್ಲ. ಅದರ ಬದಲು ಒಂದು ನಿಜವಾದ ಪುಟ್ಟ ಬುಟ್ಟಿ ಕೈಗೆ ಕೊಡಿ.

ಫೋನಿನಲ್ಲಿ ಓದುವವರಿಗೆ ಪುಟವನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರವನ್ನು ಗುರುತಿಸಿ ಪಠ್ಯವಾಗಿಸುವ ಓಸಿಆರ್ ತಂತ್ರಾಂಶಕ್ಕೆ ಹಾಕಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಹಾಗೇ ಕಳಿಸಿದರೆ ಸ್ಕ್ರೀನ್ ರೀಡರ್‌ಗೆ ಓದಲು ಅಕ್ಷರವೇ ಇರುವುದಿಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವೂ ಹಾಗೇ ಹೋಗಬಾರದು. ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಬದಲಿಸದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕೇಳಿಸುತ್ತದೆ. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿರುವುದು ಇನ್ನೊಂದು ಕಾಟ. ‘ಅಂಗಳ’, ‘ಅ೦ಗಳ’ ಕಣ್ಣಿಗೆ ಒಂದೇ, ಕಿವಿಗೆ ಎರಡನೆಯದು ಒಡೆದು ಹೋಗುತ್ತದೆ. ಕಡತದಲ್ಲಿ ಸೊನ್ನೆಯನ್ನು ಹುಡುಕಿ, ಪದದೊಳಗೆ ಸಿಕ್ಕಿದ್ದನ್ನೆಲ್ಲ ತಿದ್ದಿ. ಪ್ರತಿ ಸಾಲಿನ ಕೊನೆಗೆ ಬಿದ್ದ ಎಂಟರ್, ವಾಕ್ಯದ ನಡುವೆ ನುಗ್ಗಿದ ಪುಟಸಂಖ್ಯೆ ತೆಗೆಯಿರಿ. ಅಧ್ಯಾಯದ ಹೆಸರನ್ನು ಬರೀ ದಪ್ಪಕ್ಷರ ಮಾಡಿದರೆ ಪ್ರಯೋಜನವಿಲ್ಲ, ಹೆಡಿಂಗ್ ಸ್ಟೈಲ್ ಕೊಟ್ಟರೆ ಮಾತ್ರ ಅಲ್ಲಿಗೆ ನೇರ ಹಾರಬಹುದು. ಕೊನೆಗೆ ಪರದೆ ಮುಚ್ಚಿ, ಎರಡು ಪುಟ ಕೇಳಿ ನೋಡಿ.

ಓದಿ ರೆಕಾರ್ಡ್ ಮಾಡುವುದಾದರೆ ಫ್ಯಾನ್ ಆರಿಸಿ, ಮೈಕಿನಿಂದ 15–20 ಸೆಂ.ಮೀ. ದೂರ ಕೂತು, ಬಾಯಿಗೆ ನೇರವಾಗಿರದಂತೆ ಅದನ್ನು ತುಸು ಓರೆ ಮಾಡಿಕೊಳ್ಳಿ. ಹಿನ್ನೆಲೆ ಸಂಗೀತ ಖಂಡಿತ ಬೇಡ: ರೂಢಿಯಾದ ಕೇಳುಗರು ವೇಗ ಹೆಚ್ಚಿಸಿಕೊಂಡು ಕೇಳುತ್ತಾರೆ, ಆಗ ಸಂಗೀತ ಮಾತನ್ನು ನುಂಗುತ್ತದೆ. ಅಧ್ಯಾಯಕ್ಕೊಂದು ಕಡತ, ಹೆಸರು 01, 02 ಎಂದೇ ಶುರುವಾಗಲಿ. ಬರೀ 1, 2 ಎಂದಿಟ್ಟರೆ ಕೆಲವು ಪ್ಲೇಯರ್‌ಗಳಲ್ಲಿ 1 ಆದ ಮೇಲೆ 10 ಬರುತ್ತದೆ. ಮೋನೊ ಎಂಪಿ3, 64 ಕೆಬಿಪಿಎಸ್ ಸಾಕು, ಗಂಟೆಗೆ ಸುಮಾರು 29 ಎಂಬಿ.

ಹಕ್ಕುಸ್ವಾಮ್ಯದ ಹೆದರಿಕೆಯಿಂದ ಕೈಬಿಡಬೇಕಿಲ್ಲ. 2013ರಲ್ಲಿ ಅಂಗೀಕಾರವಾಗಿ 2016ರಲ್ಲಿ ಜಾರಿಗೆ ಬಂದ ಮರಾಕೇಶ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಇಂಥ ಪ್ರತಿ ಮಾಡಲು ಅವಕಾಶವಿದೆ. ಯಾರು, ಹೇಗೆ ಎಂಬ ವಿವರ ಆಯಾ ದೇಶದ ಕಾನೂನಿನಲ್ಲಿರುತ್ತದೆ. ಕಡತವನ್ನು ಎಲ್ಲರಿಗೂ ಸಿಗುವಂತೆ ಅಂತರ್ಜಾಲದಲ್ಲಿ ಏರಿಸುವುದು ಇದರಲ್ಲಿ ಸೇರಿಲ್ಲ.

ಅಂಚೆಯಲ್ಲಿ ಕಳಿಸುವಾಗ ಬ್ರೈಲ್ ಪುಸ್ತಕವನ್ನು ಗಟ್ಟಿ ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲೆ ಭಾರ ಬಿದ್ದರೆ ಚುಕ್ಕಿ ಕುಗ್ಗುತ್ತದೆ. ವಿದೇಶಕ್ಕೆ ಹೋಗುವ ಅಂಧರ ಸಾಹಿತ್ಯಕ್ಕೆ 7 ಕೆ.ಜಿ.ವರೆಗೆ ಅಂಚೆ ವೆಚ್ಚದ ವಿನಾಯಿತಿ ಇದೆ, ವಿಮಾನದ ಹೆಚ್ಚುವರಿ ಶುಲ್ಕ ಮಾತ್ರ ಬೇರೆ. ಷರತ್ತುಗಳು ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಪೆಟ್ಟಿಗೆಗೆ ಟೇಪು ಸುತ್ತುವ ಮುಂಚೆಯೇ ಅಂಚೆ ಕಚೇರಿಯಲ್ಲಿ ವಿಚಾರಿಸಿ.